ಕಾಲೇಜಿನ ರೇಡಿಯೋ ಮಾರುತ್ತಾರಂತೆ, ಸುಮ್ನೆ ಕೂರುವುದಾ?

ಗೋಳಿಬಜೆ

ವಿಷಯ ಇಷ್ಟೇ. ನಾನು ಓದಿದ ಕಾಲೇಜಿನ ರೇಡಿಯೋ ಕೋಣೆಗೆ ಮೇ ತಿಂಗಳಲ್ಲಿ ಬೀಗ ಬಿತ್ತು. ಕಾಲೇಜಿನ ಹೆಸರು ಹೇಳುವುದಿಲ್ಲ, ಮಂಗಳೂರಿನ ಆಸುಪಾಸಿನದ್ದು, ಗೊತ್ತಾದವರು ಸುಮ್ನಿರಿ. ಪರೀಕ್ಷೆ ಮುಗಿದು ಮಕ್ಕಳೆಲ್ಲ ಊರಿಗೆ ಹೋದ ಮೇಲೆ ಹಾಕಿದ ಬೀಗ ಅದು. ಕೇಳಿದರೆ ‘ರಿಪೇರಿ’ ಅಂತ ಉತ್ತರ. ಮೊನ್ನೆ ಅಕ್ಕನ ಮಗ, ಅಲ್ಲೇ ಸೆಕೆಂಡ್ ಇಯರ್ ಓದುವವನು, ಫೋನ್ ಮಾಡಿ ‘ಮಾಮ, ರಿಪೇರಿಯೂ ಇಲ್ಲ ಎಂತದೂ ಇಲ್ಲ, ರೇಡಿಯೋವನ್ನು ಯಾವುದೋ ಕಂಪನಿಗೆ ಮಾರ್ತಾರಂತೆ, ಕೋಣೆ ಅಡ್ಮಿಶನ್ ಆಫೀಸಿಗಂತೆ’ ಅಂದ.

ಕೇಳಿದ ಕೂಡಲೇ ನನಗೆ ಹ್ಯೂಸ್ಟನ್ ನೆನಪಾಯಿತು. 2010ರಲ್ಲಿ ನಾನು ಕೆಲಸದ ಮೇಲೆ ಅಲ್ಲಿದ್ದೆ. ಕಾರಿನಲ್ಲಿ 91.7 ಹಾಕಿದರೆ ಕೆಟಿಆರ್‌ಯು ಬರುತ್ತಿತ್ತು, ರೈಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ರೇಡಿಯೋ. (ರೈಸ್ ಅಂದರೆ ಕುಚ್ಚಲಕ್ಕಿ ಅಲ್ಲ ಮಾರಾಯ್ರೆ, ಹಣ ಕೊಟ್ಟ ಸಾಹುಕಾರನ ಹೆಸರು.) ಒಂದು ಗಂಟೆ ಚಂದದ ಜಾಸ್, ಮುಂದಿನ ಗಂಟೆ ಪಾತ್ರೆ ಅಂಗಡಿಯಲ್ಲಿ ಬೆಕ್ಕು ಹೊಕ್ಕ ಹಾಗೆ ಶಬ್ದ. ಯಾವ ಹೊತ್ತಿಗೆ ಎಂತ ಬರುತ್ತದೆ ಅಂತ ಗೊತ್ತಿಲ್ಲದ್ದೇ ಅದರ ರುಚಿ. 1967ರಲ್ಲಿ ಹುಡುಗರು ಹಾಸ್ಟೆಲಿನಲ್ಲಿ ಆಟಕ್ಕೆ ಶುರು ಮಾಡಿದ್ದು. 1971ರಲ್ಲಿ ಎಫ್‌ಎಂಗೆ ಬಂತು, ಆಗ ಬರೇ 10 ವ್ಯಾಟ್. 1991ರ ಹೊತ್ತಿಗೆ 50,000 ವ್ಯಾಟ್ ಆಗಿ ಇಡೀ ಹ್ಯೂಸ್ಟನ್ ನಗರಕ್ಕೆ ಕೇಳುವಷ್ಟು ದೊಡ್ಡದಾಯಿತು.

2010ರ ಆಗಸ್ಟ್‌ನಲ್ಲಿ, ಕ್ಲಾಸು ಶುರುವಾಗಲು ಇನ್ನು ಕೆಲವೇ ದಿನ ಇದೆ ಅನ್ನುವಾಗ, ಮಾರಾಟದ ಸುದ್ದಿ ಬಂತು. ಟವರು, ಫ್ರೀಕ್ವೆನ್ಸಿ, ಲೈಸೆನ್ಸು ಎಲ್ಲ ಸೇರಿ 95 ಲಕ್ಷ ಡಾಲರ್. ತೆಗೆದುಕೊಂಡದ್ದು ಅದೇ ಊರಿನ ಹ್ಯೂಸ್ಟನ್ ವಿಶ್ವವಿದ್ಯಾಲಯ. ಬಂದ ಹಣದಲ್ಲಿ ಎಂತ ಮಾಡುತ್ತೀರಿ ಅಂದರೆ, ಕ್ಯಾಂಪಸ್ಸಿನಲ್ಲಿ ಮಕ್ಕಳಿಗೆ ಹೊಸ ಊಟದ ಹಾಲ್ ಕಟ್ಟುವುದೂ ಆ ಪಟ್ಟಿಯಲ್ಲಿತ್ತು! ಮಾತುಕತೆ ತಿಂಗಳುಗಟ್ಟಲೆ ಗುಟ್ಟಿನಲ್ಲಿ ನಡೆದಿತ್ತು, ರೇಡಿಯೋ ನಡೆಸುವ ಮಕ್ಕಳನ್ನು ಒಂದು ಮಾತು ಕೇಳಿರಲಿಲ್ಲ.

ಅಲ್ಲಿ ಆಗಸ್ಟ್, ಇಲ್ಲಿ ಮೇ. ಮಕ್ಕಳು ಇಲ್ಲದ ಹೊತ್ತು ನೋಡಿ ಮಾಡುವ ಬುದ್ಧಿ ಎರಡೂ ಕಡೆ ಒಂದೇ. ನಾವು ಎಂತ ಮಾಡಬಹುದು, ಹೇಳಿ.

ಲೆಕ್ಕದ ಮಾಣಿ

ಬೈಯಬೇಡಿ, ನಾನು ಆಚೆ ಕಡೆ ನಿಂತು ಒಂದು ಮಾತು ಹೇಳುತ್ತೇನೆ. 95 ಲಕ್ಷ ಡಾಲರ್ ಅಂದರೆ ಆಗಿನ ರೇಟಿನಲ್ಲೇ 40 ಕೋಟಿ ರೂಪಾಯಿಗೂ ಜಾಸ್ತಿ. ಮಕ್ಕಳು ದಿನಾ ಊಟ ಮಾಡುತ್ತಾರೆ, ದಿನಾ ರೇಡಿಯೋ ಕೇಳುತ್ತಾರಾ? ಮಾರಿದವರು ಹೇಳಿದ್ದೂ ಅದನ್ನೇ ಇರಬೇಕು: ಈಗ ಎಲ್ಲ ಇಂಟರ್ನೆಟ್ಟಿನಲ್ಲಿ ಕೇಳುತ್ತಾರೆ, ಟವರು ಯಾಕೆ ಅಂತ. ನನ್ನ ಮನೆಯಲ್ಲಿ ಒಂದು ರೇಡಿಯೋ ಸೆಟ್ಟು ಉಂಟು, ಅದರ ಮೇಲೆ ಈಗ ಮೊಬೈಲ್ ಚಾರ್ಜಿಗೆ ಇಡುತ್ತೇವೆ. ಅಷ್ಟಕ್ಕೇ ಅದು ಉಪಯೋಗ.

ಕೊನೇ ಬೆಂಚು

ಗೋಳಿಬಜೆ ಮಾಮ ಹೇಳಿದ ಕಾಲೇಜು ಯಾವುದು ಅಂತ ಗೊತ್ತಾಯಿತು, ನಾನೂ ಅಲ್ಲಿಯವನೇ 😅 ನಿಜ ಹೇಳಬೇಕು ಅಂದರೆ ನಮ್ಮ ಕ್ಲಾಸಿನಲ್ಲಿ ನಮ್ಮದೇ ರೇಡಿಯೋ ಕೇಳುವವರು ಯಾರೂ ಇಲ್ಲ. ಈಗಿನ ಎಷ್ಟೋ ಫೋನಿನಲ್ಲಿ ಎಫ್‌ಎಂ ಇಲ್ಲವೇ ಇಲ್ಲ. ಆದರೆ ರೇಡಿಯೋ ಕೋಣೆಗೆ ಹೋಗುವವರು ತುಂಬ ಜನ. ಎಸಿ ಉಂಟು ಅಂತ ಮೊದಲು ಹೋದದ್ದು, ಆಮೇಲೆ ಅಭ್ಯಾಸ ಆಯಿತು. ಅಲ್ಲಿ ಮಿಕ್ಸರಿನ ಮೂರನೇ ಬಟನಿಗೆ ಯಾರೋ ಸೀನಿಯರ್ ಬಿಳಿ ಪ್ಲಾಸ್ಟರ್ ಅಂಟಿಸಿ ‘ಮುಟ್ಟಬೇಡ, ಕರೆಂಟು ಹೊಡೆಯುತ್ತದೆ’ ಅಂತ ಬರೆದಿದ್ದಾರೆ. ಕರೆಂಟು ಹೊಡೆಯುವುದಿಲ್ಲ, ಮೇಲೆತ್ತಿದರೆ ಗುಂಯ್ ಅನ್ನುತ್ತದೆ ಅಷ್ಟೇ. ಹೊಸಬರು ಬಂದ ದಿನ ಅದನ್ನು ಮುಟ್ಟಿಸುವುದೇ ನಮಗೆ ರ‍್ಯಾಗಿಂಗ್.

27 ನಂಬರ್ ಬಸ್

ಲೆಕ್ಕದ ಮಾಣಿಯವರೇ, ನಿಮ್ಮ ಮನೆಯ ಸೆಟ್ಟಿನ ಲೆಕ್ಕ ಊರಿಗೆಲ್ಲ ಹಾಕಬೇಡಿ.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದವರು. ಈಗಲೂ ಸ್ವಲ್ಪ ಕಟ್ಟುತ್ತಾರೆ, ಕೈ ಸುಮ್ನೆ ಕೂರುವುದಿಲ್ಲ. ಬೀಡಿ ಕಟ್ಟುವವರ ಮನೆ ನೋಡಿದವರಿಗೆ ಗೊತ್ತು. ತೊಡೆಯ ಮೇಲೆ ತಡ್ಪೆ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಎರಡು ಕೈಯೂ ಬ್ಯುಸಿ, ಕಣ್ಣೂ ಬ್ಯುಸಿ. ಟೀವಿ ನೋಡಲಿಕ್ಕೆ ಆಗುವುದಿಲ್ಲ, ಫೋನ್ ಒತ್ತಲಿಕ್ಕೆ ಆಗುವುದಿಲ್ಲ, ಕೈಯೆಲ್ಲ ಹೊಗೆಸೊಪ್ಪಿನ ಪುಡಿ. ಖಾಲಿ ಇರುವುದು ಕಿವಿ ಮಾತ್ರ. ಅದಕ್ಕೇ ನಮ್ಮ ಕಡೆ ಬೀಡಿ ಕಟ್ಟುವ ಮನೆಗಳಲ್ಲಿ ರೇಡಿಯೋ ಅಷ್ಟು ಉಳಿದದ್ದು. ಸಾಯಂಕಾಲ ಬ್ರಾಂಚಿಗೆ ಬೀಡಿ ಕೊಟ್ಟು ಬರುವವರೆಗೆ ಅದು ಮಾತಾಡುತ್ತಲೇ ಇರಬೇಕು.

ಆ ಕಾಲೇಜಿನ ಹುಡುಗಿ ಒಬ್ಬಳು ಮನೆಗೇ ರೆಕಾರ್ಡರ್ ತಂದು ಅಮ್ಮನ ಹತ್ತಿರ ಪಾಡ್ದನ, ಅಂದರೆ ತುಳುವಿನ ಕಥೆಹಾಡು, ಹೇಳಿಸಿಕೊಂಡು ಹೋಗಿದ್ದಳು. ಅಮ್ಮ ಮೊದಲು ‘ನನ್ನ ಸ್ವರ ಯಾರಿಗೆ ಬೇಕು’ ಅಂದರು, ಆಮೇಲೆ ನಿಲ್ಲಿಸಲೇ ಇಲ್ಲ. ಮಳೆಗಾಲ ಅದು, ಶೀಟಿನ ಮೇಲೆ ಮಳೆ ಹೊಡೆಯುವ ಸದ್ದು ಪೂರ್ತಿ ಬಂದಿದೆ, ಮಧ್ಯದಲ್ಲಿ ಪಕ್ಕದ ಮನೆಯ ಕೋಳಿ ಬೇರೆ. ಹುಡುಗಿ ಅದನ್ನು ತೆಗೆಯದೆ ಹಾಗೆಯೇ ಹಾಕಿದ್ದಳು. ಪ್ರಸಾರ ಆದ ದಿನ ಅಮ್ಮ ಬೀಡಿ ಕಟ್ಟಲಿಲ್ಲ. ತಡ್ಪೆ ಬದಿಗಿಟ್ಟು ಕೈ ತೊಳೆದು ಕೂತು ಕೇಳಿದರು. ಆ ರೆಕಾರ್ಡಿಂಗ್ ಈಗ ಬೀಗ ಹಾಕಿದ ಕೋಣೆಯ ಕಂಪ್ಯೂಟರಿನಲ್ಲಿ ಉಂಟು. ಅದನ್ನೂ ಮಾರುತ್ತಾರಾ? ಅದು ಯಾರದ್ದು?

ಬಿಜೈ ವಕೀಲೆ

ಒಂದು ಗೊಂದಲ ಮೊದಲು ಬಿಡಿಸುತ್ತೇನೆ. ಅಮೆರಿಕದಲ್ಲಿ ಮಾರಲು ಆಗುತ್ತದೆ. ಲೈಸೆನ್ಸನ್ನು ಬೇರೆಯವರಿಗೆ ವರ್ಗ ಮಾಡಲು ಅಲ್ಲಿಯ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಒಪ್ಪಿದರೆ ಆಯಿತು. ನಮ್ಮಲ್ಲಿ ಕಾಲೇಜಿಗೆ ಸಿಗುವುದು ಸಮುದಾಯ ಬಾನುಲಿಯ ಅನುಮತಿ, ಅದು ವರ್ಗಾಯಿಸುವ ಹಾಗೇ ಇಲ್ಲ. ಯಂತ್ರ ಮಾರಬಹುದು, ಕುರ್ಚಿ ಮಾರಬಹುದು, ಎಸಿ ಮಾರಬಹುದು. ಫ್ರೀಕ್ವೆನ್ಸಿ ಮಾರಲು ಅದು ಕಾಲೇಜಿನ ಸ್ವತ್ತೇ ಅಲ್ಲ. ತರಂಗಗಳು ಸಾರ್ವಜನಿಕ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ಕ್ರಿಕೆಟ್ ಪ್ರಸಾರದ ಜಗಳದಲ್ಲಿ ಬಂದ ತೀರ್ಪು ಅದು. ಅದಾದ ಮೇಲೆಯೇ 2002ರಲ್ಲಿ ಕಾಲೇಜುಗಳಿಗೆ ದಾರಿ ತೆರೆಯಿತು, 2004ರಲ್ಲಿ ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯ ಮೊದಲ ಕ್ಯಾಂಪಸ್ ರೇಡಿಯೋ ಶುರು ಮಾಡಿತು, 2006ರಲ್ಲಿ ಸಂಘ ಸಂಸ್ಥೆಗಳಿಗೂ ಅವಕಾಶ ಬಂತು.

ಹಾಗಾಗಿ ‘ಕಂಪನಿಗೆ ಮಾರುತ್ತಾರೆ’ ಅನ್ನುವ ಮಾತು ನಿಜವಾದರೆ ಅದು ನಿಯಮಕ್ಕೆ ವಿರುದ್ಧ. ಆದರೆ ನನಗೆ ಇರುವ ಹೆದರಿಕೆ ಬೇರೆ. ಮಾರಲು ಆಗದಿದ್ದರೂ ಸಾಯಲು ಬಿಡಬಹುದು. ಅನುಮತಿ ನವೀಕರಿಸದೆ ಬಿಟ್ಟರೆ, ‘ನಮಗೆ ಬೇಡ’ ಅಂತ ಸಚಿವಾಲಯಕ್ಕೆ ಒಂದು ಪತ್ರ ಬರೆದರೆ ಮುಗಿಯಿತು. ಮತ್ತೆ ಬೇಕು ಅಂದರೆ ಮೊದಲಿಂದ ಅರ್ಜಿ, ದೆಹಲಿಯ ಇಲಾಖೆಗಳ ಒಪ್ಪಿಗೆ, ಫ್ರೀಕ್ವೆನ್ಸಿ ಹಂಚಿಕೆ, ಟವರಿಗೆ ಕ್ಲಿಯರೆನ್ಸು, ಒಪ್ಪಂದ, ಕೊನೆಗೆ ವೈರ್‌ಲೆಸ್ ಲೈಸೆನ್ಸು. ವರ್ಷಗಳ ಕೆಲಸ.

ಲೆಕ್ಕದ ಮಾಣಿ

ಹಾಗಾದರೆ ಕಂಪನಿ ಎಂತ ತೆಗೆದುಕೊಳ್ಳುವುದು? ಮೂರನೇ ಬಟನ್?

ಬಿಜೈ ವಕೀಲೆ

ನಗು ಬಂತು. ಆದರೆ ಪ್ರಶ್ನೆ ಸರಿಯಾಗಿದೆ. ಹೆಸರು ಕಾಲೇಜಿನದ್ದೇ ಇಟ್ಟುಕೊಂಡು, ಒಳಗೆ ಕಾರ್ಯಕ್ರಮ ಪೂರ್ತಿ ಹೊರಗಿನವರದ್ದು, ಜಾಹೀರಾತಿನ ಹಣ ಅವರಿಗೆ, ಹಾಗೆ ಏನಾದರೂ ಕಾಗದ ಮಾಡಿಕೊಂಡಿರಬಹುದು. ಕಾಗದ ನೋಡದೆ ಹೇಳಲು ಆಗುವುದಿಲ್ಲ. ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧ ಸ್ಥಳೀಯವಾಗಿ ಮಾಡಿದ್ದಾಗಿರಬೇಕು ಅಂತ ನಿಯಮ ಉಂಟು, ಅದು ನಮ್ಮ ಕೈಯಲ್ಲಿರುವ ಒಂದು ಹಿಡಿ.

ಹಳೇ ಅನೌನ್ಸರ್

ನಾನು ಆಕಾಶವಾಣಿ ಮಂಗಳೂರಿನಲ್ಲಿ ಬಹಳ ವರ್ಷ ಕ್ಯಾಶುವಲ್ ಆಗಿ ಕೆಲಸ ಮಾಡಿದವಳು. 1976ರಲ್ಲಿ ಕೇಂದ್ರ ಶುರುವಾದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ತುಳುವಿನಲ್ಲಿ ರೇಡಿಯೋ ಮಾತಾಡುತ್ತದೆ ಅಂತ ನಮ್ಮ ಅಜ್ಜಿ ಸೆಟ್ಟಿನ ಹಿಂದೆ ಹೋಗಿ ನೋಡಿದ್ದರು, ಸುಳ್ಳಲ್ಲ.

ಈ ಮಕ್ಕಳ ಕಾಲೇಜಿಗೆ ನಾನು ಒಂದೆರಡು ಸಲ ಉಚ್ಚಾರ ಹೇಳಿಕೊಡಲು ಹೋಗಿದ್ದೆ. ಅಲ್ಲಿ ನೋಡಿದ್ದನ್ನು ಹೇಳುತ್ತೇನೆ. ಒಬ್ಬ ಹುಡುಗ, ಕುಂದಾಪುರದ ಕಡೆಯವನು, ಮೈಕು ಕಂಡ ಕೂಡಲೇ ಪುಸ್ತಕದ ಕನ್ನಡ ಶುರು ಮಾಡುತ್ತಿದ್ದ, ‘ಪ್ರಿಯ ಶ್ರೋತೃಗಳೇ’ ಅಂತ. ನಾನು ಮೈಕು ಆಫ್ ಮಾಡಿದೆ ಅಂತ ಸುಳ್ಳು ಹೇಳಿ, ನಿನ್ನ ಮನೆ ಎಲ್ಲಿ, ಅಪ್ಪ ಎಂತ ಮಾಡುತ್ತಾರೆ ಅಂತ ಕೇಳಿದೆ. ಅಪ್ಪ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ ಅಲ್ವಾ, ಆ 61 ದಿನ ಅಪ್ಪ ಮನೆಯಲ್ಲಿ ಬಲೆ ಹೊಲಿಯುತ್ತಾ ಕೂತರೆ ಮನೆಯ ಹವೆ ಹೇಗೆ ಬದಲಾಗುತ್ತದೆ, ಅಮ್ಮ ಯಾವ ದಿನ ಸಾಲ ಕೇಳಲು ಹೋಗುತ್ತಾರೆ, ಅಪ್ಪ ಆ ದಿನ ಯಾಕೆ ಜಾಸ್ತಿ ಮಾತಾಡುತ್ತಾರೆ, ಎಲ್ಲ ಅವನದ್ದೇ ಕುಂದಾಪುರ ಕನ್ನಡದಲ್ಲಿ ಹೇಳಿದ. ಹದಿನಾಲ್ಕು ನಿಮಿಷ. ಅವನಿಗೆ ಕೇಳಿಸಿದಾಗ ಕಿವಿ ಕೆಂಪಾಯಿತು, ಆದರೆ ‘ಹಾಕಿ ಮೇಡಂ’ ಅಂದ. ಅಂಥದ್ದನ್ನು ಯಾವ ಕಂಪನಿ ಹಾಕುತ್ತದೆ? ಹದಿನಾಲ್ಕು ನಿಮಿಷದಲ್ಲಿ ಅವರು ಎರಡು ಹಾಡು, ನಾಲ್ಕು ಚಿನ್ನದ ಅಂಗಡಿ ಜಾಹೀರಾತು ಮುಗಿಸುತ್ತಾರೆ.

ಮಲ್ಪೆ ಗಾಳಿ

ಅನೌನ್ಸರಮ್ಮ ಹೇಳಿದ್ದು ಓದಿ ಕಣ್ಣು ಒದ್ದೆ ಆಯಿತು. ನಮ್ಮ ಮನೆಯ ಕತೆಯೂ ಅದೇ.

ಆದರೂ ಒಂದು ಕೇಳಬೇಕು. ಮಣಿಪಾಲದಲ್ಲಿ 90.4 ಉಂಟು, ಮಂಗಳೂರಿನಲ್ಲಿ 107.8 ಸಾರಂಗ್ ಉಂಟು, ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಬರುತ್ತದೆ. ಒಂದು ಹೋದರೆ ಇನ್ನೊಂದು ಉಂಟಲ್ಲ?

27 ನಂಬರ್ ಬಸ್

ಅಣ್ಣ, 100 ವ್ಯಾಟಿನ ರೇಡಿಯೋ ಎಷ್ಟು ದೂರ ಹೋಗುತ್ತದೆ? ನಮ್ಮದು ಗುಡ್ಡೆ ಹೊಂಡದ ಊರು. ಗುಡ್ಡೆ ಆಚೆಗೆ ಹೋದರೆ ಕೇಳುವುದಿಲ್ಲ. ಅವರದ್ದು ಅವರ ಸುತ್ತಿನವರಿಗೆ, ಇದು ಇಲ್ಲಿಯವರಿಗೆ. ಬಾವಿ ಪಕ್ಕದ ಮನೆಯಲ್ಲಿ ಉಂಟು ಅಂತ ನಮ್ಮ ಬಾವಿ ಮುಚ್ಚುತ್ತೀರಾ?

ಲೆಕ್ಕದ ಮಾಣಿ

ಸರಿ, ಅಮ್ಮನ ಪಾಡ್ದನದ ಮುಂದೆ ನನ್ನ ಲೆಕ್ಕ ನಿಲ್ಲುವುದಿಲ್ಲ. ಆದರೂ ಖರ್ಚು ಯಾರು ಕೊಡುತ್ತಾರೆ ಅನ್ನುವುದನ್ನು ಭಾವನೆಯಲ್ಲಿ ತೇಲಿಸಬೇಡಿ. ಸರಕಾರಕ್ಕೆ ಕಟ್ಟುವ ತರಂಗ ಶುಲ್ಕ ವರ್ಷಕ್ಕೆ 19,700 ರೂಪಾಯಿ ಇತ್ತು. 2012ರಲ್ಲಿ ಅದನ್ನು ಒಮ್ಮೆಲೇ 91,000ಕ್ಕೆ ಏರಿಸಿದರು, ದೇಶದ ಸಮುದಾಯ ರೇಡಿಯೋದವರೆಲ್ಲ ಗಲಾಟೆ ಮಾಡಿದ ಮೇಲೆ ಇಳಿಸಿದರು. ಅಂದರೆ ಶುಲ್ಕ ದೊಡ್ಡ ಭಾರ ಅಲ್ಲ, ಒಪ್ಪುತ್ತೇನೆ. ಸಂಬಳ, ಕರೆಂಟು, ಸಿಡಿಲಿಗೆ ಹೋಗುವ ಯಂತ್ರ, ಇವು ಭಾರ. ನಮ್ಮ ಕಡೆ ಏಪ್ರಿಲ್-ಮೇಯ ಸಿಡಿಲು ಗೊತ್ತಲ್ಲ, ಟವರ್ ಇಟ್ಟವನೇ ಅನುಭವಿಸಬೇಕು. ಮ್ಯಾನೇಜ್‌ಮೆಂಟಿಗೆ ‘ಮಾರಬೇಡಿ’ ಅಂತ ಮಾತ್ರ ಹೇಳಿದರೆ ಅವರು ‘ಹಾಗಾದರೆ ನೀವು ನಡೆಸಿ’ ಅನ್ನುತ್ತಾರೆ. ಅದಕ್ಕೆ ಉತ್ತರ ಇಟ್ಟುಕೊಂಡು ಹೋಗಿ.

ಗೋಳಿಬಜೆ

ಮಾಣಿಯವರ ಮಾತಿಗೆ ಬರುತ್ತೇನೆ, ಮೊದಲು ಹ್ಯೂಸ್ಟನ್ ಕತೆ ಪೂರ್ತಿ ಮಾಡುತ್ತೇನೆ, ಯಾಕೆಂದರೆ ಅಸಲಿ ಪಾಠ ಮಾರಿದ ಮೇಲೆ ಆದದ್ದರಲ್ಲಿ ಉಂಟು.

ಅಲ್ಲಿಯ ಮಕ್ಕಳು, ಹಳೆ ವಿದ್ಯಾರ್ಥಿಗಳು ಸುಮ್ನೆ ಕೂರಲಿಲ್ಲ. ಸಭೆ, ಮೆರವಣಿಗೆ, ಎಫ್‌ಸಿಸಿಗೆ ತಕರಾರು ಅರ್ಜಿ, ಎಲ್ಲ ಆಯಿತು. ಎಫ್‌ಸಿಸಿ 2011ರ ಏಪ್ರಿಲಿನಲ್ಲಿ ಮಾರಾಟಕ್ಕೆ ಒಪ್ಪಿತು. ಯಾವ ಸ್ಟೇಷನ್ ಎಂತ ಹಾಡು ಹಾಕುತ್ತದೆ ಅನ್ನುವುದು ನಮ್ಮ ವಿಷಯ ಅಲ್ಲ ಅಂತ ಅವರ ಹಳೆಯ ನಿಲುವು. ಲೈಸೆನ್ಸ್ ಯಾರ ಹೆಸರಿನಲ್ಲಿ ಉಂಟೋ ಅವರ ಇಷ್ಟ. ನಲವತ್ತು ವರ್ಷ ರಾತ್ರಿ ನಿದ್ದೆ ಬಿಟ್ಟು ನಡೆಸಿದವರ ಹೆಸರು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಅದೇ ತಿಂಗಳ ಕೊನೆಗೆ 91.7ರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಶುರುವಾಯಿತು, ಹೊಸ ಹೆಸರು ಕೆಯುಎಚ್‌ಎ.

ಇಲ್ಲಿಗೆ ನಿಲ್ಲಲಿಲ್ಲ. ನಗರಕ್ಕೆ 24 ಗಂಟೆ ಶಾಸ್ತ್ರೀಯ ಸಂಗೀತ ಕೊಡುತ್ತೇವೆ ಅಂತ ತೆಗೆದುಕೊಂಡವರು ಐದೇ ವರ್ಷದಲ್ಲಿ ಅದನ್ನು ಮಾರಿದರು! 2016ರಲ್ಲಿ ಅದು ಒಂದು ಕ್ರೈಸ್ತ ಸಂಗೀತದ ರೇಡಿಯೋ ಸಂಸ್ಥೆಯ ಕೈಗೆ ಹೋಯಿತು. ವಿದ್ಯಾರ್ಥಿಗಳದ್ದೂ ಹೋಯಿತು, ಶಾಸ್ತ್ರೀಯದವರದ್ದೂ ಹೋಯಿತು. ಒಂದು ಸಲ ಬೆಲೆ ಕಟ್ಟಿದ ಮೇಲೆ ಅದು ಸೈಟ್ ಆಗುತ್ತದೆ, ರೇಡಿಯೋ ಆಗಿ ಉಳಿಯುವುದಿಲ್ಲ. ರೈಸಿನ ಮಕ್ಕಳು ಮಾತ್ರ ಬಿಡಲಿಲ್ಲ. ಇಂಟರ್ನೆಟ್ಟಿನಲ್ಲಿ ನಡೆಸಿದರು, 2015ರಲ್ಲಿ 96.1ರಲ್ಲಿ ಸಣ್ಣ ಲೈಸೆನ್ಸ್ ಒಂದನ್ನು ಪಡೆದು ಮತ್ತೆ ಗಾಳಿಗೆ ಬಂದರು. ಅಲ್ಲಿಯ ಸಣ್ಣ ಲೈಸೆನ್ಸಿಗೆ ಮಿತಿ 100 ವ್ಯಾಟ್. 50,000ದಿಂದ 100. ಗಮನಿಸಿ, ನಮ್ಮ ಸಮುದಾಯ ರೇಡಿಯೋದ ಮಿತಿಯೂ 100 ವ್ಯಾಟೇ. ಅವರು ಎಲ್ಲ ಕಳೆದುಕೊಂಡು ಬಂದು ನಿಂತ ಜಾಗದಿಂದ ನಾವು ಶುರು ಮಾಡಿದ್ದು. ನಮ್ಮಲ್ಲಿ ಇನ್ನು ಕಡಿಮೆ ಮಾಡಲು ಎಂತ ಉಂಟು?

ಇದು ಒಂದೇ ಕಡೆ ಆದದ್ದೂ ಅಲ್ಲ. 2011ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಕೆಯುಎಸ್‌ಎಫ್ 37.5 ಲಕ್ಷ ಡಾಲರಿಗೆ ಮಾರಾಟಕ್ಕೆ ಹೋಯಿತು, ಒಂದು ಬೆಳಿಗ್ಗೆ ಪ್ರಸಾರದ ನಡುವೆಯೇ ಆಫ್. ಅದೇ ವರ್ಷ ನ್ಯಾಶ್‌ವಿಲ್ಲಿನ ವ್ಯಾಂಡರ್‌ಬಿಲ್ಟ್ ವಿದ್ಯಾರ್ಥಿ ರೇಡಿಯೋ ಕೂಡ ಹೋಯಿತು.

ನನ್ನ ಮಾತು ಇಷ್ಟು: ಅಲ್ಲಿ ಗಲಾಟೆ ಶುರುವಾದದ್ದು ಕಾಗದಕ್ಕೆ ಸಹಿ ಬೀಳುವ ಹೊತ್ತಿಗೆ. ನಮ್ಮಲ್ಲಿ ಇನ್ನೂ ಬರೇ ‘ಅಂತೆ’ ನಡೆಯುತ್ತಿದೆ. ‘ಅಂತೆ’ ಇರುವಾಗಲೇ ಹೋಗಬೇಕು.

ಮಲ್ಪೆ ಗಾಳಿ

ನಾನು ‘ಇನ್ನೊಂದು ಉಂಟಲ್ಲ’ ಅಂದದ್ದು ವಾಪಸ್.

ಕೊನೇ ಬೆಂಚು

ಒಂದು ವಿಷಯ ಹೇಳಲಾ, ಯಾರೂ ನನ್ನನ್ನು ಹಿಡಿಯಬೇಡಿ. ಬೀಗ ಹಾಕುವ ಹಿಂದಿನ ದಿನ ನಾವು ಮೂರು ಜನ ಹಾರ್ಡ್ ಡಿಸ್ಕಿಗೆ ಎಲ್ಲ ರೆಕಾರ್ಡಿಂಗ್ ಕಾಪಿ ಮಾಡಿದ್ದೇವೆ. ಸುಮ್ನೆ ಒಂದು ಅನುಮಾನ ಬಂದಿತ್ತು, ಕ್ಲರ್ಕ್ ಸರ್ ಕೋಣೆ ಅಳೆಯಲು ಟೇಪ್ ತಂದಿದ್ದರು. 27 ನಂಬರ್ ಅಕ್ಕ, ನಿಮ್ಮ ಅಮ್ಮನದ್ದು ‘ಮಳೆ ಕೋಳಿ ಪಾಡ್ದನ’ ಅಂತ ಸೇವ್ ಮಾಡಿದ್ದಾರೆ, ನನ್ನ ಹತ್ತಿರ ಉಂಟು. ಕಳಿಸಿಕೊಡುತ್ತೇನೆ.

27 ನಂಬರ್ ಬಸ್

ನಿನಗೆ ಒಳ್ಳೆದಾಗಲಿ ಮಗಾ. ಅಮ್ಮನಿಗೆ ಈಗಲೇ ಹೇಳುವುದಿಲ್ಲ, ಕೇಳಿಸಿಯೇ ಹೇಳುತ್ತೇನೆ.

ಬಿಜೈ ವಕೀಲೆ

ಸರಿ, ಈಗ ಕೆಲಸದ ಮಾತು. ಖಾಸಗಿ ಕಾಲೇಜು ಆದರೆ ನೇರ ಆರ್‌ಟಿಐ ಹಾಕಿದರೆ ‘ನಮಗೆ ಅನ್ವಯ ಆಗುವುದಿಲ್ಲ’ ಅನ್ನಬಹುದು. ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ ಹಾಕಿ, 10 ರೂಪಾಯಿ, ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಹಾಕಬಹುದು. ಕೇಳಬೇಕಾದದ್ದು: ಈ ಸ್ಟೇಷನ್ನಿನ ಅನುಮತಿ ಎಂದಿನವರೆಗೆ ಉಂಟು, ನವೀಕರಣಕ್ಕೆ ಅರ್ಜಿ ಬಂದಿದೆಯಾ, ಅನುಮತಿ ಬಿಟ್ಟುಕೊಡುವ ಪತ್ರ ಬಂದಿದೆಯಾ. ‘ಯಾಕೆ’ ಅಂತ ಕೇಳಬೇಡಿ, ಮಾಹಿತಿ ಅಲ್ಲ ಅಂತ ವಾಪಸ್ ಕಳಿಸುತ್ತಾರೆ. ದಾಖಲೆ ಕೇಳಿ.

ಎರಡನೆಯದು, ಮ್ಯಾನೇಜ್‌ಮೆಂಟಿಗೆ ಕೊಡುವ ಪತ್ರದಲ್ಲಿ ಬೈಗುಳ ಬೇಡ. ‘ಮಾರಾಟದ ಸುದ್ದಿ ಕೇಳಿದ್ದೇವೆ, ನಿಯಮ ಹೀಗೆ ಹೇಳುತ್ತದೆ, ಲಿಖಿತ ಉತ್ತರ ಕೊಡಿ’, ಇಷ್ಟೇ. ಪತ್ರ ಕೊಟ್ಟು ಸೀಲು ಹಾಕಿಸಿಕೊಂಡು ಬನ್ನಿ. ಸೀಲು ಇಲ್ಲದ ಪತ್ರ ಕಸದ ಬುಟ್ಟಿಗೆ ಸಮ.

ಮೂರನೆಯದು, ಅನುಮತಿ ಪತ್ರದ ಜೆರಾಕ್ಸ್ ಯಾರ ಹತ್ತಿರವಾದರೂ ಉಂಟಾ?

ಹಳೇ ಅನೌನ್ಸರ್

ಶುರುವಿನಲ್ಲಿ ಅದನ್ನು ಫ್ರೇಮ್ ಹಾಕಿ ಕೋಣೆಯ ಬಾಗಿಲ ಮೇಲೆ ತೂಗಿಸಿದ್ದರು. ಹಲ್ಲಿ ಮೊಟ್ಟೆ ಇಟ್ಟು ಅರ್ಧ ಹಳದಿಯಾಗಿತ್ತು. ಆಗ ಇದ್ದ ಲೆಕ್ಚರರ್ ಈಗ ರಿಟೈರ್ಡ್, ಅವರ ಕಪಾಟಿನಲ್ಲಿ ಖಂಡಿತ ಕಾಪಿ ಇರುತ್ತದೆ, ಅವರು ಹಾಲಿನ ಬಿಲ್ಲನ್ನೂ ಎಸೆಯುವವರಲ್ಲ. ನಾನು ಕೇಳುತ್ತೇನೆ. ಖರ್ಚಿನ ವಿಷಯಕ್ಕೆ, ವಾರಕ್ಕೆ ಎರಡು ದಿನ ನಾನು ಸಂಬಳ ಇಲ್ಲದೆ ಬರುತ್ತೇನೆ, ಅದನ್ನೂ ಪತ್ರದಲ್ಲಿ ಬರೆಯಿರಿ.

ಗೋಳಿಬಜೆ

ನಾನು ಹಳೆ ವಿದ್ಯಾರ್ಥಿಗಳ ಗುಂಪಿನಲ್ಲಿ ಕೇಳಿದೆ, ಸಿಡಿಲಿನ ರಿಪೇರಿಗೆ ಅಂತ ವರ್ಷಕ್ಕೊಮ್ಮೆ ಹಣ ಹಾಕಲು ಕೆಲವರು ತಯಾರು. ಈಗಿನ ನಿಯಮದಲ್ಲಿ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಅಷ್ಟೂ ಬೇಡ, ಎರಡು ನಿಮಿಷ ಊರಿನ ಅಂಗಡಿಗಳದ್ದು ಸಿಕ್ಕಿದರೆ ಕರೆಂಟ್ ಬಿಲ್ಲಿಗೆ ಸಹಾಯ. ಶನಿವಾರ ಸಾಯಂಕಾಲ 4 ಗಂಟೆಗೆ ಕಾಲೇಜು ಗೇಟಿನ ಎದುರಿನ ಜ್ಯೂಸ್ ಅಂಗಡಿ ಹತ್ತಿರ ಸೇರುವ. ಕೊಡೆ ತನ್ನಿ, ಶನಿವಾರ ಮಳೆ ಬರುವ ಲಕ್ಷಣ ಉಂಟು. ಮಕ್ಕಳು ಮುಂದೆ ನಿಲ್ಲಬೇಡಿ, ಇಂಟರ್ನಲ್ ಮಾರ್ಕ್ಸು ಅವರ ಕೈಯಲ್ಲಿ ಉಂಟು. ನಾವು ಮಾತಾಡುತ್ತೇವೆ.

ಕೊನೇ ಬೆಂಚು

ನಾವು ಜ್ಯೂಸ್ ಕುಡಿಯುತ್ತಾ ನಿಲ್ಲುತ್ತೇವೆ. ಅದಕ್ಕೆ ಮಾರ್ಕ್ಸ್ ಕಟ್ ಮಾಡಲು ಆಗುವುದಿಲ್ಲ ಅಲ್ವಾ?

ಲೆಕ್ಕದ ಮಾಣಿ

ನಾನೂ ಬರುತ್ತೇನೆ. ಬೆಂಬಲಕ್ಕೆ ಅಂತ ತಿಳಿಯಬೇಡಿ. ಹೋದ ವರ್ಷ ಆ ರೇಡಿಯೋಗೆ ಎಷ್ಟು ಖರ್ಚಾಯಿತು ಅಂತ ಅವರ ಬಾಯಿಂದ ಕೇಳಬೇಕು ನನಗೆ. ಆ ಒಂದು ಸಂಖ್ಯೆಯನ್ನು ಈವರೆಗೆ ಯಾರೂ ಹೇಳಲಿಲ್ಲ, ನೋಡಿ.